ಕೊಡುವವರು ಇಲ್ಲಿ, ಪಡೆಯುವವರು ಅಲ್ಲಿ? ಅಂಗದಾನದ ಬಗ್ಗೆ ಹಾಸನ, ಚಿಕ್ಕಮಗಳೂರಿನವರು ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಹೋದ ವಾರ ಈ ಗ್ರೂಪಿನಲ್ಲಿ ಅಂಗದಾನದ ಬಗ್ಗೆ ಜೋರು ಮಾತಾಗಿ ಇಬ್ಬರು ಗ್ರೂಪನ್ನೇ ಬಿಟ್ಟು ಹೋದರಂತೆ. ಅದಕ್ಕೇ ಅಡ್ಮಿನ್ ನನ್ನನ್ನು ಎಳೆದು ತಂದಿದ್ದಾರೆ. ನಾನು ಡಾಕ್ಟರ್ ಅಲ್ಲ, ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್. ಹನ್ನೊಂದು ವರ್ಷ ಬೆಂಗಳೂರಲ್ಲಿ ಇದೇ ಕೆಲಸ. ತವರು ಹಾಸನ. ಐಸಿಯು ಹೊರಗೆ ಕೂತ ಮನೆಯವರ ಜೊತೆ ಮಾತಾಡುವುದು, ಅವರು ಒಪ್ಪಿದರೆ ಫಾರಂ, ಪೊಲೀಸ್, ಪೋಸ್ಟ್‌ಮಾರ್ಟಂ, ಆಂಬುಲೆನ್ಸ್ ಅಂತ ಓಡಾಡುವುದು, ಇನ್ನೊಂದು ಕಡೆ ಅಂಗಕ್ಕೆ ಕಾಯುತ್ತಿರುವವರ ಫೈಲ್ ನೋಡಿಕೊಳ್ಳುವುದು, ಇಷ್ಟು ನನ್ನ ಕೆಲಸ. ದಯವಿಟ್ಟು ರಿಪೋರ್ಟ್ ಫೋಟೋ ಹಾಕಿ ಔಷಧಿ ಕೇಳಬೇಡಿ. ಉಳಿದಿದ್ದೆಲ್ಲ ಕೇಳಿ, ಬೈದರೂ ಪರವಾಗಿಲ್ಲ.

ಪ್ರಶ್ನೆ (ಬೇಲೂರು): ಮೇಡಂ, ನೇರವಾಗಿ ಕೇಳುತ್ತೇನೆ. 2022ರಲ್ಲಿ ಚಿಕ್ಕಮಗಳೂರಲ್ಲಿ ಬಸ್ಸಿಂದ ಬಿದ್ದ ಪಿಯುಸಿ ಹುಡುಗಿಯ ಹೃದಯವನ್ನು ಹೆಲಿಕಾಪ್ಟರಲ್ಲಿ ಬೆಂಗಳೂರಿಗೆ ತೆಗೆದುಕೊಂಡು ಹೋದರು. ಊರಿಗೆ ಊರೇ ರಸ್ತೆ ಬದಿ ನಿಂತು ಅತ್ತಿತು. ಕೂಲಿ ಮಾಡುವ ಅಪ್ಪ ಅಮ್ಮ ಅಷ್ಟು ದೊಡ್ಡ ಮನಸ್ಸು ಮಾಡಿದರು. ಆದರೆ ನನ್ನ ಪ್ರಶ್ನೆ ಬೇರೆ. ಅದೇ ಹೆಲಿಕಾಪ್ಟರ್ ನಮ್ಮ ಕಡೆಯ ರೋಗಿಯನ್ನು ಕರೆದುಕೊಂಡು ಹೋಗುವುದಕ್ಕೆ ಯಾವತ್ತಾದರೂ ಬಂದಿದೆಯಾ? ಕೊಡುವುದಕ್ಕೆ ಮಾತ್ರ ನಾವು ಬೇಕು ಅನ್ನಿಸುವುದಿಲ್ವಾ?

ಉತ್ತರ: ಅಣ್ಣ, ಈ ಪ್ರಶ್ನೆ ಕೇಳಿದ್ದಕ್ಕೇ ಹೋದ ವಾರ ಜಗಳ ಆಗಿದ್ದು ಅಂತ ಗೊತ್ತಾಯಿತು. ಅರ್ಧ ಸರಿ, ಅರ್ಧ ತಪ್ಪು.

ತಪ್ಪು ಯಾವುದು ಅಂದರೆ, ಹೆಲಿಕಾಪ್ಟರ್ ಶ್ರೀಮಂತರಿಗೆ ಅಂತ ಬಂದಿದ್ದಲ್ಲ. ಎದೆಯಿಂದ ತೆಗೆದ ಹೃದಯವನ್ನು ನಾಲ್ಕರಿಂದ ಆರು ಗಂಟೆಯೊಳಗೆ ಇನ್ನೊಂದು ಎದೆಯಲ್ಲಿ ಕೂರಿಸಬೇಕು. ಚಿಕ್ಕಮಗಳೂರಿಂದ ಬೆಂಗಳೂರು ಹತ್ತಿರ ಹತ್ತಿರ 245 ಕಿಲೋಮೀಟರ್. ಝೀರೋ ಟ್ರಾಫಿಕ್ ಮಾಡಿದರೂ ಟೈಮು ಬಹಳ ಬಿಗಿ. ಲಿವರ್ ಆದರೆ ಎಂಟು ಹತ್ತು ಗಂಟೆ ತಡೆಯುತ್ತದೆ, ಕಿಡ್ನಿ ಒಂದು ದಿನದ ಮೇಲೂ ತಡೆಯುತ್ತದೆ, ಅವು ಆಂಬುಲೆನ್ಸಲ್ಲೇ ಹೋಗುತ್ತವೆ. ಯಾರಿಗೆ ಸಿಗಬೇಕು ಅನ್ನುವುದನ್ನು ಡಾಕ್ಟರಾಗಲಿ ಮಂತ್ರಿಯಾಗಲಿ ಹೇಳುವುದಿಲ್ಲ. ರಾಜ್ಯದಲ್ಲಿ ಜೀವಸಾರ್ಥಕತೆ ಅಂತ ಸರ್ಕಾರಿ ಸಂಸ್ಥೆ ಇದೆ, 2007ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿದ್ದು. ಪಟ್ಟಿ ಅವರ ಹತ್ತಿರ. ರಕ್ತದ ಗುಂಪು, ಎಷ್ಟು ದಿನದಿಂದ ಕಾಯುತ್ತಿದ್ದಾರೆ, ಎಷ್ಟು ತುರ್ತು, ಇಂಥದ್ದನ್ನು ನೋಡಿ ಹಂಚುತ್ತಾರೆ. ಹನ್ನೊಂದು ವರ್ಷದಲ್ಲಿ ದುಡ್ಡು ಕೊಟ್ಟು ಆ ಪಟ್ಟಿಯಲ್ಲಿ ಮೇಲೆ ಬಂದವರನ್ನು ನಾನಂತೂ ನೋಡಿಲ್ಲ.

ಸರಿ ಯಾವುದು ಅಂದರೆ, ಆ ಪಟ್ಟಿಗೆ ಹೆಸರು ಸೇರಬೇಕಲ್ಲ, ಅಲ್ಲಿದೆ ತೊಂದರೆ. ಮನೆಯಿಂದ ಅರ್ಜಿ ಹಾಕಿದರೆ ಆಗುವುದಿಲ್ಲ. ಕಸಿ ಮಾಡುವ ಪರವಾನಗಿ ಇರುವ ಆಸ್ಪತ್ರೆಯೇ ನಿಮ್ಮನ್ನು ನೋಡಿ, ಹತ್ತಾರು ಟೆಸ್ಟ್ ಮಾಡಿಸಿ, ಹೆಸರು ಸೇರಿಸಬೇಕು. ಅಂಥ ಆಸ್ಪತ್ರೆಗಳು ಹೆಚ್ಚಿನವು ಬೆಂಗಳೂರಲ್ಲಿ, ಆಮೇಲೆ ಮೈಸೂರು, ಮಂಗಳೂರು, ಹುಬ್ಬಳ್ಳಿ ಧಾರವಾಡದ ಕಡೆ. ಪಟ್ಟಿಗೆ ಸೇರುವ ಮೊದಲೇ ಎಂಟು ಹತ್ತು ಸಲ ಓಡಾಟ. ಆಪರೇಷನ್‌ಗೆ ದುಡ್ಡು, ಆಮೇಲೆ ಔಷಧಿಗೆ ದುಡ್ಡು ಇದೆಯಾ ಅಂತ ಮೊದಲ ದಿನವೇ ಕೇಳುತ್ತಾರೆ, ಕೇಳಲೇಬೇಕು ಕೂಡ, ಯಾಕೆಂದರೆ ಔಷಧಿ ನಿಂತರೆ ಕಸಿ ಮಾಡಿದ ಅಂಗವೂ ಹೋಗುತ್ತದೆ. ಇಷ್ಟರಲ್ಲೇ ಆಲೂರು, ಅರಕಲಗೂಡು, ಮೂಡಿಗೆರೆ ಕಡೆಯ ಬಡವರು ಜರಡಿಯಿಂದ ಕೆಳಗೆ ಬಿದ್ದುಹೋಗಿರುತ್ತಾರೆ. ಪಟ್ಟಿಯೊಳಗೆ ಮೋಸ ಇಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದವರ ಲೆಕ್ಕ ಯಾರೂ ಇಟ್ಟಿಲ್ಲ.

ಒಂದು ಘಟನೆ ಹೇಳುತ್ತೇನೆ, ಗುರುತು ಸಿಗದ ಹಾಗೆ. ಆಲೂರು ತಾಲ್ಲೂಕಿನ ಕಾಫಿ ತೋಟ ಒಂದರಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದವರು. ಕಿಡ್ನಿ ಪಟ್ಟಿಯಲ್ಲಿ ಹೆಸರಿತ್ತು. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆ ಕಿಟಕಿಯ ಒಂದು ಮೂಲೆಯಲ್ಲಿ ಮಾತ್ರ. ಫೋನ್ ಜಾರಬಾರದು ಅಂತ ಒಂದು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಇಡುತ್ತಿದ್ದರು. ರಾತ್ರಿ ಒಂದೂ ಕಾಲಿಗೆ ನಾನೇ ಫೋನ್ ಮಾಡಿದೆ. ಆರು ಸಲ. ಜೂನ್ ತಿಂಗಳು, ಹೊರಗೆ ಮಳೆ, ಒಳಗೆ ಎಲ್ಲರೂ ಕಂಬಳಿ ಹೊದ್ದು ಮಲಗಿದ್ದಾರೆ, ಹೆಂಚಿನ ಮೇಲೆ ಬೀಳುವ ಮಳೆ ಸದ್ದಲ್ಲಿ ರಿಂಗ್ ಕೇಳಿಸಿಲ್ಲ. ಒಬ್ಬರಿಗಾಗಿ ಗಂಟೆಗಟ್ಟಲೆ ಕಾಯುವ ಹಾಗಿಲ್ಲ, ಮುಂದಿನವರಿಗೆ ಹೋಯಿತು. ಬೆಳಗ್ಗೆ ಆರಕ್ಕೆ ಮಿಸ್ಡ್ ಕಾಲ್ ನೋಡಿ ವಾಪಸ್ ಫೋನ್ ಮಾಡಿದರು. ಏನಂತ ಹೇಳಲಿ. ಅವರೇ "ಆಯ್ತು ಬಿಡಿ ಮೇಡಂ, ಸಿಕ್ಕಿದವರು ಚೆನ್ನಾಗಿರಲಿ" ಅಂದರು. ಎರಡನೇ ಕರೆ ಬರುವ ಹೊತ್ತಿಗೆ ಅವರು ತೋಟದ ಕೆಲಸ ಬಿಟ್ಟು ಬೆಂಗಳೂರಲ್ಲಿ ತಂಗಿ ಮನೆಗೆ ಬಂದು ಇದ್ದರು, ಅದಕ್ಕೇ ಸಿಕ್ಕಿತು.

ನಡುವೆ ಒಬ್ಬರು (ಹೊಳೆನರಸೀಪುರ): ಅಂದರೆ ಬೆಂಗಳೂರಲ್ಲಿ ತಂಗಿ ಇರಬೇಕು ಅಂತಾಯಿತು 😑

ಉತ್ತರ: ನಗಬೇಡಿ, ಹೌದು. ತಂಗಿ ಇರಬೇಕು, ಅವಳ ಮನೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಇರಬೇಕು, ಅವಳ ಗಂಡ ಮುಖ ಗಂಟು ಹಾಕಬಾರದು.

ಪ್ರಶ್ನೆ (ಅರಸೀಕೆರೆ, ಹೆಸರು ಹಾಕಬೇಡಿ ಅಂತ ಅಡ್ಮಿನ್‌ಗೆ ಕಳಿಸಿದ್ದು): ಅಕ್ಕ, ನಮ್ಮೆಜಮಾನರಿಗೆ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಹಾಸನಕ್ಕೆ ಡಯಾಲಿಸಿಸ್‌ಗೆ ಹೋಗಿ ಬರುತ್ತೇವೆ. ಕಸಿ ಮಾಡಿಸಿ ಅಂದಾಗಿನಿಂದ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ಕೊಡು ಅಂತ ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಅತ್ತೆ "ನಿನ್ನ ತಾಳಿ, ನಿನ್ನ ಕೈಯಲ್ಲಿದೆ" ಅಂದರು ಅಷ್ಟೇ. ಇಬ್ಬರು ಮೈದುನರಿದ್ದಾರೆ, ರಕ್ತದ ಗುಂಪು ಕೂಡ ನೋಡಿಸಿಲ್ಲ. ನನಗೆ ಆರು, ಒಂಬತ್ತು ವರ್ಷದ ಮಕ್ಕಳು. ನಮ್ಮಮ್ಮ ಬೇಡ ಅಂತ ಅಳುತ್ತಾರೆ. ನನಗೆ ಕೊಡಬಾರದು ಅಂತಲೂ ಇಲ್ಲ, ಭಯ ಅಷ್ಟೇ. ಬೇಡ ಅಂದರೆ ನಾನು ಕೆಟ್ಟವಳಾ?

ಉತ್ತರ: ಇಲ್ಲ ಕಣಮ್ಮ. ಖಂಡಿತ ಇಲ್ಲ.

ಮೊದಲು ಕಾನೂನು ಏನನ್ನುತ್ತದೆ ಹೇಳಿಬಿಡುತ್ತೇನೆ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಇವರು ಕೊಡಬಹುದು ಅಂತ ಇದೆಯೇ ಹೊರತು ಕೊಡಲೇಬೇಕು ಅಂತ ಎಲ್ಲೂ ಇಲ್ಲ. ನಿಮ್ಮ ಮೈದುನರು ಕೂಡ ನಿಮ್ಮಷ್ಟೇ ಹತ್ತಿರದವರು, ಕಾನೂನಿನ ಕಣ್ಣಲ್ಲಿ ಅಣ್ಣತಮ್ಮ ಹೆಂಡತಿಗಿಂತ ಒಂದು ಗುಲಗಂಜಿ ಕಮ್ಮಿಯಿಲ್ಲ. ಅತ್ತೆಗೆ ಇದನ್ನು ನೀವು ಹೇಳಬೇಡಿ, ಡಾಕ್ಟರ್ ಬಾಯಿಂದ ಹೇಳಿಸಿ.

ಎರಡನೆಯದು. ಕೊಡುವವರನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸುತ್ತೇವೆ. ಮನೆಯವರು ಯಾರೂ ಇರುವುದಿಲ್ಲ. ಆಗ ನೀವು "ನನಗೆ ಇಷ್ಟ ಇಲ್ಲ" ಅಂದರೆ ಆ ಮಾತು ಆ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಮನೆಯವರಿಗೆ "ಇವರು ದಾನಿಯಾಗುವುದು ಸರಿಹೋಗುವುದಿಲ್ಲ" ಅಂತಷ್ಟೇ ಹೇಳುತ್ತೇವೆ. ಯಾಕೆ ಅಂತ ಹೇಳುವುದಿಲ್ಲ. ನಾನು ಇದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಆಪರೇಷನ್ ಟೇಬಲ್ ಮೇಲೆ ಮಲಗಿದ ಮೇಲೂ ಬೇಡ ಅನ್ನುವ ಹಕ್ಕಿದೆ.

ಇನ್ನು ಭಯ. ಆರೋಗ್ಯವಾಗಿದ್ದರೆ ಒಂದು ಕಿಡ್ನಿಯಲ್ಲಿ ಬದುಕು ನಡೆಯುತ್ತದೆ. ಈಗ ಹೆಚ್ಚಾಗಿ ಚಿಕ್ಕ ತೂತಿನ ಆಪರೇಷನ್, ಮೂರು ನಾಲ್ಕು ದಿನಕ್ಕೆ ಮನೆಗೆ ಕಳಿಸುತ್ತಾರೆ. ಆದರೆ ಮನೆಗೆ ಹೋದ ಮೇಲೆ? ಗಂಡನಿಗೆ ಬೇರೆ ಕೋಣೆ, ಬಿಸಿ ಊಟ, ಚಪ್ಪಲಿ ಬಿಟ್ಟು ಬನ್ನಿ ಅಂತ ಬಾಗಿಲಿಗೆ ಬೋರ್ಡು. ಅವಳು ಹದಿನೈದನೇ ದಿನಕ್ಕೆ ಸಗಣಿ ಬಾಚುತ್ತಿರುತ್ತಾಳೆ. ಕಮ್ಮಿ ಅಂದರೂ ಆರರಿಂದ ಎಂಟು ವಾರ ಭಾರ ಎತ್ತಬಾರದು, ಬಿಂದಿಗೆ ಕೂಡ. ಈ ಮಾತನ್ನು ಆಪರೇಷನ್‌ಗೆ ಮೊದಲೇ ಮನೆಯವರೆಲ್ಲರ ಎದುರು ಆಡಿಸಿಕೊಳ್ಳಬೇಕು, ಯಾರು ಹಾಲು ಕರೆಯುತ್ತಾರೆ, ಮಕ್ಕಳನ್ನು ಸ್ಕೂಲಿಗೆ ಯಾರು ಕಳಿಸುತ್ತಾರೆ ಅಂತ ಹೆಸರು ಹಿಡಿದು.

ನೀವು ಒಬ್ಬರೇ ಅಲ್ಲ. 1995ರಿಂದ 2021ರವರೆಗೆ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಕಸಿಗಳು 36,640. ಅದರಲ್ಲಿ ಗಂಡಸರಿಗೆ ಆಗಿದ್ದು 29,695, ಹೆಂಗಸರಿಗೆ 6,945. ಬದುಕಿದ್ದಾಗಲೇ ಕೊಡುವವರಲ್ಲಿ ಮಾತ್ರ ಲೆಕ್ಕ ಉಲ್ಟಾ, ಹತ್ತರಲ್ಲಿ ಆರಕ್ಕೂ ಹೆಚ್ಚು ಮಂದಿ ಹೆಂಗಸರು. ನಮ್ಮ ಕಾರಿಡಾರಿನಲ್ಲಿ ಒಂದು ಬೆಳಗ್ಗೆ ಕೂತು ನೋಡಿದರೆ ಅಂಕಿಅಂಶವೇ ಬೇಡ. ಮಾಸ್ಕ್ ಹಾಕಿ ಕುರ್ಚಿಯಲ್ಲಿ ಕೂತವರು ಗಂಡಸರು, ಪಕ್ಕದಲ್ಲಿ ಪ್ಲಾಸ್ಟಿಕ್ ಕವರಲ್ಲಿ ಫೈಲ್ ಹಿಡಿದು ನಿಂತವರು ಅಮ್ಮ, ಹೆಂಡತಿ, ಅಕ್ಕ.

ಎಲ್ಲವೂ ಒತ್ತಾಯ ಅಂತ ನಾನು ಹೇಳುವುದಿಲ್ಲ. ಮಗನಿಗೆ ಕೊಡುವುದಕ್ಕೆ "ಮೊದಲು ನನ್ನನ್ನು ನೋಡಿ" ಅಂತ ಜಗಳ ಆಡಿದ ಅಮ್ಮಂದಿರನ್ನು ನೋಡಿದ್ದೇನೆ. ಗಂಡಸರಲ್ಲಿ ಬಿಪಿ, ಶುಗರ್, ಕುಡಿತ ಅಂತ ಟೆಸ್ಟಲ್ಲೇ ಬಿದ್ದುಹೋಗುವವರೂ ಜಾಸ್ತಿ. ಆದರೆ ಹೆಂಡತಿಗೆ ಕಿಡ್ನಿ ಹೋದಾಗ ಅದೇ ಮನೆ "ಡಯಾಲಿಸಿಸ್ ನಡೀತಿದೆಯಲ್ಲ, ನೋಡೋಣ" ಅನ್ನುತ್ತದೆ. ಈ "ನೋಡೋಣ" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. 2025ರಲ್ಲಿ ಅಂಗ ಕಸಿ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ನೋಟ್ಟೋ, ಕಾಯುವ ಪಟ್ಟಿಯಲ್ಲಿರುವ ಹೆಂಗಸರಿಗೆ, ಹಿಂದೆ ಅಂಗ ಕೊಟ್ಟ ಮನೆಯವರಿಗೆ ಸ್ವಲ್ಪ ಆದ್ಯತೆ ಕೊಡಿ ಅಂತ ರಾಜ್ಯಗಳಿಗೆ ಬರೆಯಿತು. ಒಳ್ಳೆಯದೇ. ಆದರೆ ಪಟ್ಟಿಗೇ ಬಾರದ ಹೆಂಗಸಿಗೆ ಪಟ್ಟಿಯಲ್ಲಿ ಆದ್ಯತೆ ಕೊಟ್ಟು ಏನು ಮಾಡುವುದು ಹೇಳಿ.

ಇನ್ನೊಂದು. ನಿಮಗೆ ಕೊಡುವ ಮನಸ್ಸಿದ್ದು ರಕ್ತದ ಗುಂಪು ಕೂಡದಿದ್ದರೆ ಸ್ವಾಪ್ ಅಂತ ಇದೆ. ನಿಮ್ಮದು ಇನ್ನೊಂದು ಮನೆಯ ರೋಗಿಗೆ, ಅವರ ಮನೆಯವರದು ನಿಮ್ಮ ಯಜಮಾನರಿಗೆ. 2011ರ ತಿದ್ದುಪಡಿಯಲ್ಲೇ ಇದಕ್ಕೆ ಅವಕಾಶ ಇದೆ.

ನಡುವೆ ಒಬ್ಬರು (ಚಿಕ್ಕಮಗಳೂರು): ಇದನ್ನು ಓದುತ್ತಾ ತಲೆ ತಗ್ಗಿಸುವ ಹಾಗಾಯಿತು ಮೇಡಂ. ನನಗೆ ಹೆಂಡತಿಯೇ ಕಿಡ್ನಿ ಕೊಟ್ಟಿದ್ದು, ನಾಲ್ಕು ವರ್ಷ ಆಯಿತು. ನನ್ನ ಮಾತ್ರೆಗೆ ಬೆಳಗ್ಗೆ ಎಂಟು, ರಾತ್ರಿ ಎಂಟಕ್ಕೆ ಅವಳ ಫೋನಲ್ಲೇ ಅಲಾರಂ ಇದೆ. ಅವಳ ಬಿಪಿ ಕೊನೆಗೆ ಯಾವಾಗ ನೋಡಿಸಿದ್ದು ಅಂತ ಈಗ ಕೇಳಿದೆ. ಇಬ್ಬರಿಗೂ ನೆನಪಿಲ್ಲ.

ಉತ್ತರ: ತಲೆ ತಗ್ಗಿಸುವುದೆಲ್ಲ ಬೇಡ ಸರ್, ಈ ವಾರವೇ ಕರೆದುಕೊಂಡು ಹೋಗಿ. ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಟೆಸ್ಟ್), ಮೂತ್ರದಲ್ಲಿ ಪ್ರೋಟೀನ್, ಮೂರೇ ಟೆಸ್ಟ್. ವರ್ಷಕ್ಕೊಮ್ಮೆ, ಬದುಕಿರುವಷ್ಟು ದಿನ. ಜಿಲ್ಲಾಸ್ಪತ್ರೆಯಲ್ಲೇ ಆಗುತ್ತದೆ, ಬೆಂಗಳೂರಿಗೆ ಬರಬೇಕಿಲ್ಲ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿಂದ ಸುಮ್ನೆ ತಂದು ನುಂಗಬಾರದು ಅಂತಲೂ ಅವರಿಗೆ ಹೇಳಿ. ನಿಮ್ಮ ಫೈಲ್ ಇಟ್ಟಿಗೆಯಷ್ಟು ದಪ್ಪ ಇರುತ್ತದೆ, ಅವರದು ನಾಲ್ಕು ಹಾಳೆ. ಎಲ್ಲ ಮನೆಯಲ್ಲೂ ಹೀಗೇ.

ಪ್ರಶ್ನೆ (ಕಡೂರು): ನನ್ನದು ದೂರು ಮೇಡಂ. ಚಿಕ್ಕಪ್ಪನ ಮಗ ಬೈಕಲ್ಲಿ ಬಿದ್ದು ತಲೆಗೆ ಪೆಟ್ಟು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡು "ಮೆದುಳು ಕೆಲಸ ಮಾಡುತ್ತಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಅಂದರು. ಸಂಚಾರಿ ವಿಜಯ್ ನಮ್ಮ ತಾಲ್ಲೂಕಿನವರೇ ಅಲ್ವಾ, ಪಂಚನಹಳ್ಳಿ. 2021ರಲ್ಲಿ ಅವರ ಮನೆಯವರು ಅಂಗದಾನ ಮಾಡಿದ್ದನ್ನು ನೋಡಿದ್ದ ನಾವು, ನಾವೂ ಕೊಡುತ್ತೇವೆ ಅಂದೆವು. ಅಲ್ಲಿದ್ದವರಿಗೆ ಏನು ಮಾಡಬೇಕು ಅಂತಲೇ ಗೊತ್ತಿರಲಿಲ್ಲ. "ಇಲ್ಲಿ ಅದೆಲ್ಲ ಇಲ್ಲ" ಅಂದರು. ಹಂಗೇ ಹೋಯಿತು. ಇನ್ನೊಂದು ಕಡೆ ನಮ್ಮ ಚಿಕ್ಕಮ್ಮ, ಅಂಗ ತೆಗೆಯುವುದಕ್ಕೇ ಬೇಗ ಸತ್ತ ಅಂದುಬಿಡುತ್ತಾರೆ, ಒಳ್ಳೆಯದಾಯಿತು ಬಿಡು ಅಂತಾರೆ. ಯಾವುದು ನಿಜ?

ಉತ್ತರ: ಮೊದಲು ನಿಮ್ಮ ಚಿಕ್ಕಮ್ಮನಿಗೆ. ಅವರ ಅನುಮಾನ ದಡ್ಡತನ ಅಲ್ಲ. ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ಮಾನಿಟರಿನಲ್ಲಿ ಹೃದಯ ಓಡುತ್ತಿದೆ, ಅಂಥ ಮಗನನ್ನು ತೋರಿಸಿ ಸತ್ತಿದ್ದಾನೆ ಅಂದರೆ ಯಾವ ತಾಯಿ ನಂಬುತ್ತಾಳೆ? ಅದಕ್ಕೇ ಕಾನೂನು ಬಿಗಿ ಮಾಡಿದೆ. ಮೆದುಳು ಪೂರ್ತಿ ಸತ್ತಿದೆ, ಅಂದರೆ ಬ್ರೈನ್ ಡೆಡ್, ಅಂತ ಹೇಳುವುದಕ್ಕೆ ನಾಲ್ವರು ಡಾಕ್ಟರ್ ಸೇರಿ ನೋಡಬೇಕು, ಅವರಲ್ಲಿ ಕಸಿ ಮಾಡುವ ತಂಡದವರು ಒಬ್ಬರೂ ಇರುವ ಹಾಗಿಲ್ಲ. ಒಂದು ಸಲ ನೋಡಿ, ಕಮ್ಮಿ ಅಂದರೂ ಆರು ಗಂಟೆ ಬಿಟ್ಟು ಮತ್ತೆ ಎಲ್ಲ ಟೆಸ್ಟನ್ನೂ ಮಾಡಬೇಕು. ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಕಿವಿಗೆ ತಣ್ಣೀರು ಬಿಡುತ್ತಾರೆ, ಕೊನೆಗೆ ಅಪ್ನಿಯಾ ಟೆಸ್ಟ್. ವೆಂಟಿಲೇಟರ್ ತಪ್ಪಿಸಿ, ಆಕ್ಸಿಜನ್ ಮಾತ್ರ ಕೊಟ್ಟು, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೂ ಸ್ವಂತವಾಗಿ ಒಂದು ಉಸಿರಾದರೂ ಎಳೆಯುತ್ತಾರಾ ಅಂತ ನೋಡುವುದು. ಒಂದೇ ಒಂದು ಉಸಿರು ಎಳೆದರೂ ಬ್ರೈನ್ ಡೆಡ್ ಅನ್ನುವ ಹಾಗಿಲ್ಲ. ಬೇಕು ಅಂತ ಕೇಳಿದ ಅಪ್ಪ ಅಮ್ಮನನ್ನು ನಾನು ಆ ಟೆಸ್ಟ್ ಹೊತ್ತಲ್ಲಿ ಒಳಗೆ ನಿಲ್ಲಿಸಿಕೊಂಡಿದ್ದಿದೆ. ಆ ಎಂಟು ಹತ್ತು ನಿಮಿಷ ಅವರೂ ಉಸಿರು ಹಿಡಿದು ನಿಂತಿರುತ್ತಾರೆ, ಎದೆ ಮೇಲೆ ಬರಲಿ, ಒಂದು ಸಲ ಬರಲಿ ಅಂತ. ಆಮೇಲೆ ಯಾರೂ ಹೇಳಬೇಕಾಗಿಲ್ಲ, ಅವರಿಗೇ ಗೊತ್ತಾಗುತ್ತದೆ.

ಈಗ ನಿಮ್ಮ ದೂರು. ಅದು ನಿಜ, ನನಗೂ ಸಿಟ್ಟಿದೆ. ಮನೆಯವರು ಕೊಡುತ್ತೇವೆ ಅಂದ ಮೇಲೂ ಆಗಲಿಲ್ಲ ಅನ್ನುವುದು ನಮ್ಮ ಕಡೆ ಅಪರೂಪವೇನಲ್ಲ. ಕಸಿ ಮಾಡುವುದಕ್ಕೆ ದೊಡ್ಡ ಆಸ್ಪತ್ರೆ ಬೇಕು, ಒಪ್ಪುತ್ತೇನೆ. ಆದರೆ ಅಂಗ ತೆಗೆಯುವುದಕ್ಕೆ ಮಾತ್ರ ಬೇರೆ ಪರವಾನಗಿ ಇದೆ. ಐಸಿಯು, ಆಪರೇಷನ್ ಥಿಯೇಟರ್ ಸರಿಯಾಗಿದ್ದರೆ ಜಿಲ್ಲಾಸ್ಪತ್ರೆಯೂ ಅದಕ್ಕೆ ನೋಂದಾಯಿಸಬಹುದು. ತೆಗೆಯುವ ತಂಡ ಹೊರಗಿಂದ ಬರುತ್ತದೆ. ಚಿಕ್ಕಮಗಳೂರಲ್ಲಿ 2022ರಲ್ಲಿ ಆಗಿದ್ದು ಹಾಗೇ ಅಲ್ವಾ. ನರರೋಗದ ಡಾಕ್ಟರ್ ಸಿಗುವುದಿಲ್ಲ ಅನ್ನುವ ನೆಪವೂ ನಡೆಯುವುದಿಲ್ಲ, 2011ರ ತಿದ್ದುಪಡಿ ಆದ ಮೇಲೆ ಅರಿವಳಿಕೆ ಡಾಕ್ಟರ್, ಫಿಸಿಷಿಯನ್, ಸರ್ಜನ್ ಕೂಡ ಆ ನಾಲ್ವರಲ್ಲಿ ಇರಬಹುದು. ಬೇಕಾಗಿರುವುದು ಮಧ್ಯರಾತ್ರಿ ಫೋನ್ ಎತ್ತಿ "ಹೌದು, ಮಾಡೋಣ" ಅನ್ನುವ ಒಬ್ಬ ಮನುಷ್ಯ. ಆ ಹುದ್ದೆಗೆ ಜನ ಹಾಕುವುದಿಲ್ಲ, ಹಾಕಿದರೆ ಇನ್ನೂ ನಾಲ್ಕು ಕೆಲಸ ಹೊರಿಸುತ್ತಾರೆ.

2023ರಲ್ಲಿ ಕರ್ನಾಟಕದಲ್ಲಿ ಸತ್ತ ಮೇಲೆ ಅಂಗ ಕೊಟ್ಟವರು 178 ಮಂದಿ. ಇಡೀ ದೇಶದಲ್ಲಿ 1,099. ನೂರ ನಲವತ್ತು ಕೋಟಿ ಜನರಲ್ಲಿ! ಹತ್ತು ಲಕ್ಷಕ್ಕೆ ಒಬ್ಬರೂ ಬೀಳುವುದಿಲ್ಲ, ಸ್ಪೇನಿನಲ್ಲಿ ಹತ್ತು ಲಕ್ಷಕ್ಕೆ ನಲವತ್ತರ ಮೇಲೆ. ಇದಕ್ಕೆ ಜನರ ಮೂಢನಂಬಿಕೆ ಕಾರಣ ಅಂತ ಭಾಷಣ ಮಾಡುವವರನ್ನು ಕಡೂರಿಗೆ ಕಳಿಸಬೇಕು, ನಿಮ್ಮ ಚಿಕ್ಕಪ್ಪನ ಮನೆಗೆ. ಜನ ಕೊಡುವುದಕ್ಕೆ ಸಿದ್ಧ ಇದ್ದರು, ಕೈ ಚಾಚುವವರೇ ಇರಲಿಲ್ಲ.

ಮತ್ತೆ ಸತ್ತ ಮೇಲೆ ಕೊಡುವವರು ಕಮ್ಮಿ ಆದಷ್ಟೂ ಆ ಭಾರ ಬದುಕಿರುವವರ ಮೇಲೆ ಬೀಳುತ್ತದೆ. ಅರಸೀಕೆರೆಯ ಆ ತಂಗಿಯ ಪ್ರಶ್ನೆಗೂ ನಿಮ್ಮ ಪ್ರಶ್ನೆಗೂ ಇರುವ ಸಂಬಂಧ ಇದೇ.

ಪ್ರಶ್ನೆ (ಚನ್ನರಾಯಪಟ್ಟಣ): ನಮ್ಮ ತಂದೆ ಮನೆಯಲ್ಲೇ ತೀರಿಕೊಂಡರು. ಅಪ್ಪು ಥರ ಅಂಗದಾನ ಮಾಡಬೇಕು ಅಂತಿದ್ದರು. ಆಸ್ಪತ್ರೆಯವರು ಆಗಲ್ಲ ಅಂದರು, ಯಾಕೆ?

ಉತ್ತರ: ಅಪ್ಪು ಥರ ಅಂತ ಈ ಪ್ರಶ್ನೆ 2021ರ ಅಕ್ಟೋಬರ್ ಆದ ಮೇಲೆ ನೂರು ಸಲ ಬಂದಿದೆ. ಪುನೀತ್ ರಾಜ್‌ಕುಮಾರ್ ಕೊಟ್ಟಿದ್ದು ಕಣ್ಣು. 2006ರಲ್ಲಿ ಅವರ ತಂದೆ ಡಾ. ರಾಜ್‌ಕುಮಾರ್ ಕೊಟ್ಟಿದ್ದೂ ಕಣ್ಣು. ಕಣ್ಣನ್ನು ಮನೆಯಲ್ಲಿ ಸತ್ತರೂ ಕೊಡಬಹುದು, ಆರು ಗಂಟೆಯೊಳಗೆ, ಕಣ್ಣಿನ ಬ್ಯಾಂಕಿನವರೇ ಮನೆಗೆ ಬರುತ್ತಾರೆ. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಒದ್ದೆ ಬಟ್ಟೆ ಇಟ್ಟು, ಫ್ಯಾನ್ ಆಫ್ ಮಾಡಿ, ತಲೆ ಕೆಳಗೆ ದಿಂಬು ಇಡಿ. ಹೃದಯ, ಲಿವರ್, ಕಿಡ್ನಿ ಹಾಗಲ್ಲ. ಐಸಿಯುನಲ್ಲಿ ಬ್ರೈನ್ ಡೆಡ್ ಆಗಿ, ವೆಂಟಿಲೇಟರಿನಲ್ಲಿ ಹೃದಯ ಇನ್ನೂ ಓಡುತ್ತಿರಬೇಕು. ನಿಮ್ಮ ತಂದೆಯ ಕಣ್ಣನ್ನಾದರೂ ಕೊಡಬಹುದಿತ್ತು, ಅದನ್ನು ಹೇಳುವವರು ಯಾರೂ ಸಿಗಲಿಲ್ಲ ಅಷ್ಟೇ.

ಪ್ರಶ್ನೆ (ಮೂಡಿಗೆರೆ): ನಮ್ಮ ತೋಟದ ಲೈನಿನಲ್ಲಿ ಅಸ್ಸಾಂ ಕಡೆಯವರು ಹತ್ತು ಹನ್ನೆರಡು ಮನೆ ಇದ್ದಾರೆ. ಅವರಿಗೆ ಇಲ್ಲಿ ಕಸಿ ಸಿಗುತ್ತದಾ? ಅವರಲ್ಲಿ ಯಾರಾದರೂ ಹೀಗೆ ಬ್ರೈನ್ ಡೆಡ್ ಆದರೆ ಅಂಗ ತೆಗೆಯುವುದು ಸರಿಯಾ?

ಉತ್ತರ: ಕಾಗದದ ಮೇಲೆ ಸಿಗುತ್ತದೆ. 2023ರಲ್ಲಿ ಕೇಂದ್ರದವರು, ಅದೇ ರಾಜ್ಯದ ನಿವಾಸಿಯಾಗಿರಬೇಕು ಅನ್ನುವ ಡೊಮಿಸೈಲ್ ಷರತ್ತು ತೆಗೆಯಿರಿ, ನೋಂದಣಿಗೆ ಶುಲ್ಕ ತೆಗೆದುಕೊಳ್ಳಬೇಡಿ, 65 ವರ್ಷ ಮೇಲ್ಪಟ್ಟವರಿಗೂ ಹೆಸರು ಬರೆಸುವುದಕ್ಕೆ ಬಿಡಿ ಅಂತ ಹೇಳಿದ್ದಾರೆ. ಆದರೆ ಇಲ್ಲಿಯ ಬಿಪಿಎಲ್ ಕಾರ್ಡ್ ಇಲ್ಲದೆ ಇಲ್ಲಿಯ ಯೋಜನೆ ಸಿಗುವುದಿಲ್ಲ, ಹಾಗಾಗಿ ನನ್ನ ಪಟ್ಟಿಯಲ್ಲಿ ಅಂಥ ಒಬ್ಬರನ್ನೂ ನಾನು ಕಂಡಿಲ್ಲ.

ತೆಗೆಯುವ ವಿಷಯ. ಹತ್ತಿರದ ಸಂಬಂಧಿಯ ಒಪ್ಪಿಗೆ ಬೇಕು, ಮೇಸ್ತ್ರಿಯದ್ದೋ ತೋಟದ ಸಾಹುಕಾರರದ್ದೋ ನಡೆಯುವುದಿಲ್ಲ. ಒಂದು ಸಲ ಹೀಗಾಯಿತು. ಹುಡುಗನಿಗೆ ಇಪ್ಪತ್ತೆರಡು. ಜೊತೆಗೆ ಅಣ್ಣ ಒಬ್ಬನೇ, ಅಪ್ಪ ಅಮ್ಮ ಎರಡು ಸಾವಿರ ಕಿಲೋಮೀಟರ್ ಆಚೆ ಫೋನಿನಲ್ಲಿ. ನನ್ನ ಹಿಂದಿ ಅಷ್ಟಕ್ಕಷ್ಟೇ, ಅವರದೂ ಅಷ್ಟಕ್ಕಷ್ಟೇ. ಅಣ್ಣ ನಾನು ಹೇಳಿದ್ದಕ್ಕೆಲ್ಲ "ಹಾಂ ಜೀ" ಅನ್ನುತ್ತಿದ್ದ. ಆ "ಹಾಂ ಜೀ"ಯಲ್ಲಿ ಒಪ್ಪಿಗೆಗಿಂತ ಹೆದರಿಕೆ ಜಾಸ್ತಿ ಇತ್ತು. ನಾನು ಫಾರಂ ಮಡಚಿ ಇಟ್ಟೆ. ಹೆಣ ಊರಿಗೆ ಸಾಗಿಸುವ ವ್ಯವಸ್ಥೆ ಮಾಡಿಕೊಟ್ಟು ಕಳಿಸಿದೆವು. ನಾಲ್ಕು ಜೀವ ಉಳಿಯುತ್ತಿದ್ದವಲ್ಲ ಅಂತ ನಮ್ಮ ತಂಡದಲ್ಲೇ ಒಬ್ಬರು ಬೇಜಾರು ಮಾಡಿಕೊಂಡರು. ಇರಬಹುದು. ಇವತ್ತು ಅದೇ ಪರಿಸ್ಥಿತಿ ಬಂದರೂ ನಾನು ಮಡಚಿ ಇಡುತ್ತೇನೆ.

ಪ್ರಶ್ನೆ (ಸಕಲೇಶಪುರ): ಫೇಸ್‌ಬುಕ್ಕಲ್ಲಿ ಕಿಡ್ನಿ ಕೊಟ್ಟರೆ ಐವತ್ತು ಲಕ್ಷ ಅಂತ ಬರುತ್ತದೆ. ಪರಿಚಯದವರೊಬ್ಬರು ಸಾಲದಲ್ಲಿ ಮುಳುಗಿ ನೋಂದಣಿಗೆ ಅಂತ ಎಂಟು ಸಾವಿರ ಕಟ್ಟಿದ್ದಾರೆ.

ಉತ್ತರ: ಎಂಟು ಸಾವಿರ ಹೋಯಿತು. ಇನ್ನು ಒಂದು ರೂಪಾಯಿ ಕಟ್ಟಬೇಡಿ ಅನ್ನಿ, 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಲಿ. ಅಂಗ ಮಾರುವುದು, ಕೊಳ್ಳುವುದು, ನಡುವೆ ನಿಲ್ಲುವುದು ಎಲ್ಲ ಅಪರಾಧ, ಐದರಿಂದ ಹತ್ತು ವರ್ಷ ಜೈಲು, ಇಪ್ಪತ್ತು ಲಕ್ಷದಿಂದ ಒಂದು ಕೋಟಿವರೆಗೆ ದಂಡ. ಸಾಲಕ್ಕೆ ಬೇರೆ ದಾರಿ ನೋಡಿ ಅಂತ ಹೇಳುವುದು ಸುಲಭ, ಗೊತ್ತು.

ಪ್ರಶ್ನೆ (ಹಾಸನ): ನನಗೇ ಕಸಿ ಆಗಿದೆ, ಹದಿನಾಲ್ಕು ತಿಂಗಳಾಯಿತು. ಮೊದಲು ಲಾರಿ ಓಡಿಸುತ್ತಿದ್ದೆ. ಈಗ ಯಾರೂ ಕೆಲಸಕ್ಕೆ ಕರೆಯುವುದಿಲ್ಲ, "ನೀನು ಪೇಷಂಟು, ಆರಾಮಾಗಿರು" ಅಂತಾರೆ. ಆರಾಮಾಗಿರುವುದಕ್ಕೆ ದುಡ್ಡು ಯಾರು ಕೊಡುತ್ತಾರೆ. ದೊಡ್ಡ ಮಗಳ ಕಾಲೇಜು ನಿಲ್ಲಿಸಿದ್ದೇವೆ. ತಿಂಗಳ ಮಾತ್ರೆಗೆ ಹದಿಮೂರು ಸಾವಿರ. ಒಂದೊಂದು ತಿಂಗಳು ಒಂದು ಹೊತ್ತಿನ ಮಾತ್ರೆ ಬಿಟ್ಟು ಉಳಿಸೋಣ ಅನ್ನಿಸುತ್ತದೆ.

ಉತ್ತರ: ಬಿಡಬೇಡಿ. ಬೈಯುವುದಿಲ್ಲ, ಆದರೆ ಬಿಡಬೇಡಿ. ಟ್ಯಾಕ್ರೋಲಿಮಸ್, ಅಂದರೆ ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದ ಹಾಗೆ ತಡೆಯುವ ಮಾತ್ರೆ, ಹನ್ನೆರಡು ಗಂಟೆಗೊಮ್ಮೆ ಅಂದರೆ ಹನ್ನೆರಡು ಗಂಟೆಗೊಮ್ಮೆ. ಅದು ಕಮ್ಮಿ ಆದರೆ ಮೈ ಆ ಕಿಡ್ನಿಯನ್ನು ಹೊರಗಿನದು ಅಂತ ಗುರುತು ಹಿಡಿದು ಕೊಲ್ಲುವುದಕ್ಕೆ ಶುರು ಮಾಡುತ್ತದೆ, ನೋವೂ ಇರುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡ ಆಗಿರುತ್ತದೆ.

ನಿಮ್ಮದು ಬಿಪಿಎಲ್ ಕಾರ್ಡಾ? ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಯೋಜನೆಯಲ್ಲಿ ಕಿಡ್ನಿ, ಲಿವರ್, ಹೃದಯ ಕಸಿಗೆ ಸಹಾಯ ಇದೆ. ಕಸಿ ಆದ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಹಿಡಿದು, ಔಷಧಿಗೂ ನಿಮ್ಮ ಕೇಸಲ್ಲಿ ಏನಾದರೂ ಬರುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಕಿಡ್ನಿ, ಮೂತ್ರದ ರೋಗಗಳ ನೆಫ್ರೋ ಯುರಾಲಜಿ ಸಂಸ್ಥೆ ಇದೆ, ಸರ್ಕಾರದ್ದು, ಕಸಿಯನ್ನೂ ಅಲ್ಲೇ ಮಾಡುತ್ತಾರೆ. ಮುಂದಿನ ಚೆಕಪ್ ಅಲ್ಲಿಗೆ ಬದಲಾಯಿಸಿಕೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ ನೋಡಿ, ಸಂಕೋಚ ಬೇಡ. ಕಮ್ಮಿ ಬೆಲೆಯ ಬೇರೆ ಕಂಪನಿ ಮಾತ್ರೆ ಇರುತ್ತದೆ, ಆದರೆ ಮೆಡಿಕಲ್ ಶಾಪಿನವನು ಹೇಳಿದ ಅಂತ ನೀವಾಗಿ ಬದಲಾಯಿಸಬೇಡಿ, ಬದಲಾಯಿಸಿದ ಮೇಲೆ ರಕ್ತದಲ್ಲಿ ಔಷಧಿ ಮಟ್ಟ ನೋಡಿಸಲೇಬೇಕು.

ಕೆಲಸದ ಬಗ್ಗೆ. ಎಲ್ಲ ಸರಿ ಇದ್ದರೆ ಮೂರು ತಿಂಗಳಾದ ಮೇಲೆ ಹೆಚ್ಚಿನವರು ಕೆಲಸಕ್ಕೆ ವಾಪಸ್ ಹೋಗಬಹುದು. ನಿಮ್ಮ ಡಾಕ್ಟರಿಂದ ಫಿಟ್‌ನೆಸ್ ಬರೆಸಿಕೊಂಡು ಹೋಗಿ. ದೂರದ ಲಾರಿ ಬೇಡ ಅಂದರೂ ಊರೊಳಗೆ ಗೂಡ್ಸ್ ಆಟೋ, ಸ್ಕೂಲ್ ವ್ಯಾನ್ ಓಡಿಸುವವರಿದ್ದಾರೆ. ನಾವು ಆಸ್ಪತ್ರೆಯವರು ಕಸಿ ಸಕ್ಸಸ್ ಅಂತ ಬರೆದುಕೊಳ್ಳುವುದು ಕ್ರಿಯಾಟಿನಿನ್ ನೋಡಿ. ಅದು 1.1 ಇದ್ದರೆ ನಿಮ್ಮ ಫೈಲ್ ಮೇಲೆ ಒಳ್ಳೆಯ ಟಿಕ್ ಮಾರ್ಕ್ ಬಿದ್ದಿರುತ್ತದೆ. ಮಗಳ ಕಾಲೇಜು ನಿಂತಿದ್ದು ಅದರಲ್ಲಿ ಎಲ್ಲೂ ಬರುವುದಿಲ್ಲ. ಅವಳ ವಿಷಯ ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಈ ಗ್ರೂಪಿನಲ್ಲೇ ಲೆಕ್ಚರರ್‌ಗಳಿದ್ದಾರೆ, ಶುಲ್ಕದ ವಿಷಯ ಮಾತಾಡೋಣ.

ನಡುವೆ ಒಬ್ಬರು (ಹಾಸನ, ಉಪನ್ಯಾಸಕರು): ನನಗೆ ಮೆಸೇಜ್ ಮಾಡಲಿ ಮೇಡಂ. ಮರು ಪ್ರವೇಶಕ್ಕೆ ಏನು ಬೇಕು ನೋಡುತ್ತೇನೆ.

ಪ್ರಶ್ನೆ (ಕೊಪ್ಪ): ನನಗೆ 68, ಶುಗರ್ ಇದೆ. ಅಂಗದಾನದ ಪ್ರತಿಜ್ಞೆ ಮಾಡಬಹುದಾ?

ಉತ್ತರ: ಮಾಡಿ ಸರ್. ಆಧಾರ್ ಇದ್ದರೆ ನೋಟ್ಟೋ ವೆಬ್‌ಸೈಟಲ್ಲೇ ಆಗುತ್ತದೆ. ಯಾವ ಅಂಗ ಬರುತ್ತದೆ ಅನ್ನುವುದನ್ನು ಆ ಹೊತ್ತಿಗೆ ಡಾಕ್ಟರ್ ನೋಡುತ್ತಾರೆ. ಆದರೆ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಂಡು ಸುಮ್ಮನಿದ್ದರೆ ಪ್ರಯೋಜನ ಇಲ್ಲ, ಕೊನೆಗೆ ಸಹಿ ಹಾಕುವವರು ಮನೆಯವರು. ಊಟಕ್ಕೆ ಎಲ್ಲರೂ ಕೂತಿದ್ದಾಗ ಹೇಳಿ. ಹೆಂಡತಿ "ಅಪಶಕುನ ಮಾತಾಡಬೇಡಿ" ಅಂತ ಬೈಯುತ್ತಾರೆ, ಬೈಸಿಕೊಳ್ಳಿ.

ಪ್ರಶ್ನೆ (ಹಾಸನ, ಮೇಲೆ ಕೇಳಿದವರೇ): ಮೇಡಂ ಇನ್ನೊಂದು ಚಿಕ್ಕ ಪ್ರಶ್ನೆ. ಚಕ್ಕೋತ ತಿನ್ನಬಾರದು ಅಂದಿದ್ದರು, ಹೆರಳೆಕಾಯಿ ಚಿತ್ರಾನ್ನ ತಿನ್ನಬಹುದಾ? ಮನೆ ಹಿತ್ತಲಲ್ಲಿ ಗಿಡ ತುಂಬ ಬಿಟ್ಟಿದೆ.

ಉತ್ತರ: ಚಕ್ಕೋತ ಖಂಡಿತ ಬೇಡ, ಟ್ಯಾಕ್ರೋಲಿಮಸ್ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಸರ್ರನೆ ಏರಿಸಿಬಿಡುತ್ತದೆ. ಹೆರಳೆಕಾಯಿಯನ್ನೂ ನಾವು ಬೇಡ ಅಂತಲೇ ಹೇಳುವುದು. ನಿಂಬೆಹಣ್ಣಿನ ಚಿತ್ರಾನ್ನ ಮಾಡಿಸಿಕೊಳ್ಳಿ, ಅಡುಗೆಗೆ ಹಿಂಡಿದಷ್ಟಕ್ಕೆ ತೊಂದರೆ ಇಲ್ಲ. ಹಿತ್ತಲಲ್ಲಿ ಗೊಬ್ಬರ, ಮಣ್ಣು ಮುಟ್ಟುವಾಗ ಗ್ಲೌಸು, ಮಾಸ್ಕ್ ಹಾಕಿ. ಜ್ವರ ಬಂದರೆ ಒಂದು ದಿನವೂ ಕಾಯಬೇಡಿ, ಮಳೆಗಾಲದಲ್ಲಿ ನಮ್ಮ ಕಡೆ ಇಲಿಜ್ವರ ಇದ್ದೇ ಇರುತ್ತದೆ. ಹೆರಳೆಕಾಯಿ ಅಕ್ಕಪಕ್ಕದವರಿಗೆ ಹಂಚಿಬಿಡಿ. ನಮ್ಮಮ್ಮನ ಮನೆ ಹಾಸನದಲ್ಲೇ ಇದೆ, ಎರಡು ಅಲ್ಲಿಗೂ ಕಳಿಸಿ 🙂